ಆ್ಯಪ್ ಕಟ್ಟೋ ಮುಂಚೆ ಜನರ ಹತ್ರ ಕೂತು ಮಾತಾಡಿ

ಐಡಿಯಾ ಹೊಳೆದ ರಾತ್ರಿ ನಿದ್ದೆ ಬರಲ್ಲ, ಬೆಳಗ್ಗೆ ಎದ್ದವ್ರೇ ಕೋಡ್ ಬರೆಯೋಕೆ ಕೂತ್ಬಿಡ್ತೀವಿ. ತಿಂಗಳುಗಟ್ಟಲೆ ದುಡಿದ್ಮೇಲೆ ಇದು ಯಾರಿಗೂ ಬೇಡ ಅಂತ ಗೊತ್ತಾದ್ರೆ ಆ ನೋವು ಸಣ್ಣದಲ್ಲ, ಅದಕ್ಕೇ ಮೊದ್ಲು ಪರೀಕ್ಷೆ ಮಾಡಿ ಅನ್ನೋದು.

ಮೊದಲು ಒಂದು ಹಾಳೆ ತಗೊಳ್ಳಿ. ಮಾತ್ರೆ ತಗೊಳ್ಳೋದನ್ನ ನೆನಪಿಸೋ ಆ್ಯಪ್ ಮಾಡ್ಬೇಕು ಅಂತಿದೀರಿ ಅಂದ್ಕೊಳ್ಳಿ. ಜನ ಮಾತ್ರೆ ಮರೀತಾರೆ, ಫೋನಿನ ಅಲಾರಂ ಸಾಕಾಗ್ತಿಲ್ಲ, ಇದಕ್ಕೆ ದುಡ್ಡು ಕೊಡ್ತಾರೆ, ಹೀಗೆ ನೀವು ನಂಬಿರೋದನ್ನೆಲ್ಲ ಬರೀರಿ. ಯಾವ ಸಾಲು ಸುಳ್ಳಾದ್ರೆ ಇಡೀ ಐಡಿಯಾನೇ ಬಿದ್ದೋಗುತ್ತೋ ಅದನ್ನೇ ಮೊದ್ಲು ಪರೀಕ್ಷಿಸಿ.

ಆಮೇಲೆ ಜನ ಹುಡುಕಿ. ಫ್ರೆಂಡ್ಸು ಮನೆಯವ್ರು ಬೇಡ, ಅವರು ನಿಮ್ಮ ಮನಸ್ಸು ನೋಯಿಸಲ್ಲ. ದಿನಾ ಮಾತ್ರೆ ನುಂಗೋರೇ ಬೇಕು.

ಇನ್ನು ಪ್ರಶ್ನೆ, ಎಲ್ಲರೂ ಎಡವೋದು ಇಲ್ಲೇ. "ಇಂಥ ಆ್ಯಪ್ ಬಂದ್ರೆ ಯೂಸ್ ಮಾಡ್ತೀರಾ?" ಅಂತ ಕೇಳಿದ್ರೆ ಹೂಂ ಅಂದೇ ಅಂತಾರೆ, ಅದರಲ್ಲಿ ಅವರಿಗೇನೂ ಖರ್ಚಿಲ್ವಲ್ಲ. ಅದರ ಬದಲು "ಕೊನೇ ಸಲ ಮಾತ್ರೆ ಮರೆತಿದ್ದು ಯಾವಾಗ, ಆವತ್ತು ಏನಾಯ್ತು, ಮತ್ತೆ ಮರೀಬಾರ್ದು ಅಂತ ಏನ್ ಮಾಡಿದ್ರಿ?" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ, ಮಧ್ಯೆ ಬಾಯಿ ಹಾಕ್ಬೇಡಿ. ಒಬ್ರು ಮಾತ್ರೆ ಡಬ್ಬಿನ ಊಟದ ಮೇಜಿನ ಮೇಲೇ ಇಟ್ಕೊಂಡಿರ್ತಾರೆ, ಇನ್ನೊಬ್ರಿಗೆ ಮಗಳು ದಿನಾ ಫೋನ್ ಮಾಡ್ತಾಳೆ. ನಿಮ್ಮ ಪೈಪೋಟಿ ಬೇರೆ ಆ್ಯಪ್ ಜೊತೆ ಅಲ್ಲ, ಆ ಡಬ್ಬಿ ಜೊತೆ. ಮರೆತೂ ಏನೂ ಮಾಡಿಲ್ಲ ಅನ್ನೋರೇ ಜಾಸ್ತಿ ಸಿಕ್ರೆ, ಆ ತೊಂದರೆ ಅವರಿಗೆ ಅಷ್ಟೇನೂ ಕಾಡ್ತಿಲ್ಲ ಅಂತ ಒಪ್ಕೊಳ್ಳಿ.

ತೊಂದರೆ ನಿಜ ಅಂತಾದ್ರೆ ಸ್ಕ್ರೀನುಗಳನ್ನ ಕಾಗದದ ಮೇಲೆ ಬಿಡಿಸಿ ಅವರ ಕೈಗೆ ಕೊಡಿ. ಜೇಬಲ್ಲಿ ಹಿಡಿಯೋ ಪುಟ್ಟ ಕಂಪ್ಯೂಟರ್ ಪಾಮ್ ಪೈಲಟ್ 1996ರಲ್ಲಿ ಮಾರ್ಕೆಟ್ಟಿಗೆ ಬಂತು, ಅದಕ್ಕೂ ಮುಂಚೆ ಅದನ್ನ ರೂಪಿಸಿದ ಜೆಫ್ ಹಾಕಿನ್ಸ್ ಅದೇ ಸೈಜಿನ ಮರದ ತುಂಡನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು, ಯಾರಾದ್ರೂ ಮೀಟಿಂಗ್ ಟೈಮ್ ಕೇಳಿದ್ರೆ ತುಂಡು ತೆಗೆದು ಅದರಲ್ಲೇ ನೋಡಿದಂಗೆ ಮಾಡ್ತಿದ್ರು. ನನಗೆ ಇದಕ್ಕಿಂತ ಒಳ್ಳೆ ಪ್ರೊಟೊಟೈಪ್, ಅಂದ್ರೆ ಪರೀಕ್ಷೆಗೆ ಮಾಡೋ ಮಾದರಿ, ಗೊತ್ತಿಲ್ಲ. ಜನ ಎಲ್ಲಿ ತಡವರಿಸ್ತಾರೆ ನೋಡಿ, "ಇಲ್ಲಿ ಒತ್ತಿ" ಅಂತ ಮಾತ್ರ ಹೇಳ್ಕೊಡ್ಬೇಡಿ. 5 ಜನರ ಹತ್ರ ಪರೀಕ್ಷಿಸಿದ್ರೆ ಬಳಕೆಯ ತೊಡಕುಗಳಲ್ಲಿ ಸುಮಾರು 85% ಸಿಕ್ಬಿಡುತ್ತೆ ಅಂತ ಬಳಕೆ ಸುಲಭವಾಗಿದ್ಯಾ ಅಂತ ಪರೀಕ್ಷಿಸೋದ್ರಲ್ಲಿ ಪಳಗಿದ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ರು. ಆ ಲೆಕ್ಕ ತೊಡಕು ಹುಡುಕೋಕೆ ಮಾತ್ರ, ಜನ ಕೊಳ್ತಾರಾ ಇಲ್ವಾ ಅನ್ನೋದಕ್ಕಲ್ಲ.

ಕೊಳ್ತಾರಾ ಅಂತ ನೋಡೋಕೆ ಮಾರೋಕೇ ಹೋಗ್ಬೇಕು. 1999ರಲ್ಲಿ ಝ್ಯಾಪೋಸ್ ಅನ್ನೋ ಆನ್‌ಲೈನ್ ಶೂ ಅಂಗಡಿ ಶುರು ಮಾಡುವಾಗ ನಿಕ್ ಸ್ವಿನ್‌ಮರ್ನ್ ಗೋದಾಮು ತುಂಬಿಸ್ಕೊಂಡು ಕೂರ್ಲಿಲ್ಲ, ಅಂಗಡಿಗಳಲ್ಲಿದ್ದ ಶೂಗಳ ಫೋಟೋ ತೆಗೆದು ಸೈಟಿಗೆ ಹಾಕಿದ್ರು, ಆರ್ಡರ್ ಬಂದ್ಮೇಲೆ ಅದೇ ಅಂಗಡಿಯಿಂದ ಕೊಂಡು ಕಳಿಸ್ತಿದ್ರು. ನೀವೂ ಒಂದು ವೆಬ್ ಪುಟ ಮಾಡಿ ಬೆಲೆ ಹಾಕಿ, ಕೊಳ್ಳೋಕೆ ಒಂದು ಬಟನ್ ಇಡಿ, ಅದನ್ನ ಒತ್ತಿದವ್ರಿಗೆ ಇನ್ನೂ ರೆಡಿ ಆಗಿಲ್ಲ ಅಂತ ನಿಜ ಹೇಳಿ, ದುಡ್ಡು ಇಸ್ಕೋಬೇಡಿ. ಎಷ್ಟು ಜನ ಒತ್ತಿದ್ರೆ ಮುಂದುವರಿಯೋದು, ಎಷ್ಟಕ್ಕಿಂತ ಕಮ್ಮಿ ಆದ್ರೆ ನಿಲ್ಸೋದು ಅಂತ ಪುಟ ತೆರೆಯೋ ಮುಂಚೆನೇ ಆ ಹಾಳೆ ಮೇಲೆ ಬರೆದಿಡಿ, ಆಮೇಲೆ ಬರೆಯೋಕೆ ಹೋದ್ರೆ ಬಂದಷ್ಟೇ ಸಾಕು ಅನ್ಸಿಬಿಡುತ್ತೆ.