ಮನೆಯಲ್ಲಿ ಬೆಳೆಯಲು ಆಲೂಗಡ್ಡೆ ತಳಿ: ಅಡುಗೆ ನೋಡಿ ಆರಿಸಿ

ಬಿತ್ತನೆ ಗೆಡ್ಡೆ ತರುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು. ಬೆಳೆದ ಆಲೂಗಡ್ಡೆಯನ್ನು ಹೆಚ್ಚಾಗಿ ಬೇಯಿಸಿ ಹಿಸುಕುತ್ತೀರಾ, ಕರಿಯುತ್ತೀರಾ, ಇಲ್ಲ ಹೋಳು ಒಡೆಯದಂತೆ ಬೇಯಿಸುತ್ತೀರಾ? ಇಳುವರಿ ನೋಡಿ ತಳಿ ಆರಿಸುವುದು ಮಾರಾಟಕ್ಕೆ ಬೆಳೆಯುವವರಿಗೆ ಸರಿ. ಮನೆಮಟ್ಟಿಗೆ ಬೆಳೆಯುವವರು ಬಾಯಿರುಚಿಯಿಂದಲೇ ಶುರು ಮಾಡಬಹುದು.

ವ್ಯತ್ಯಾಸವೆಲ್ಲ ಪಿಷ್ಟದ್ದು. ನೀರು ಕಳೆದು ಉಳಿಯುವ ಒಣ ಅಂಶ ಶೇ. 20 ದಾಟಿದ ಗೆಡ್ಡೆಯಲ್ಲಿ ಪಿಷ್ಟ ಹೇರಳ. ಬೇಯುವಾಗ ಅದು ಉಬ್ಬಿ, ಜೀವಕೋಶಗಳು ಬಿಡಿಬಿಡಿಯಾಗಿ ಗೆಡ್ಡೆ ಹಿಟ್ಟುಹಿಟ್ಟಾಗಿ ಉದುರುತ್ತದೆ. ಹಿಸುಕಲು, ಕರಿಯಲು, ಇಡಿಯಾಗಿ ಸುಡಲು ಇದೇ ಬೇಕು. ಒಣ ಅಂಶ ಶೇ. 18ಕ್ಕಿಂತ ಕಡಿಮೆಯಿದ್ದರೆ ಕೋಶಗಳು ಅಂಟಿಕೊಂಡೇ ಇರುತ್ತವೆ, ಹೋಳಿನ ಅಂಚೂ ಮುಕ್ಕಾಗುವುದಿಲ್ಲ. ಅದಲುಬದಲಾದರೆ ಅಡುಗೆ ಕೆಡುತ್ತದೆ. ಗಟ್ಟಿ ತಳಿಯನ್ನು ಮಿಕ್ಸಿಗೆ ಹಾಕಿದರೆ ಗೋಂದು, ಹಿಟ್ಟಿನ ತಳಿಯ ಹೋಳನ್ನು ಐದು ನಿಮಿಷ ಹೆಚ್ಚು ಕುದಿಸಿದರೆ ಗಂಜಿ.

ನಿಮಗೆ ಇಷ್ಟವಾದ ಆಲೂಗಡ್ಡೆ ಯಾವ ಬಗೆಯದು ಎಂದು ತಿಳಿಯಲು ಒಂದು ಲೀಟರ್ ನೀರಿನಲ್ಲಿ 110 ಗ್ರಾಂ ಉಪ್ಪು ಪೂರ್ತಿ ಕರಗಿಸಿ, ತೊಳೆದ ಗೆಡ್ಡೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಹಿಟ್ಟಿನದು, ತೇಲಿದರೆ ಗಟ್ಟಿಯದು. ಮಣ್ಣು ಮೆತ್ತಿದ್ದರೆ ಅಥವಾ ಒಳಗೆ ಪೊಳ್ಳಿದ್ದರೆ ಫಲಿತಾಂಶ ತಪ್ಪುತ್ತದೆ. ಹಾಗಾಗಿ ನಾಲ್ಕೈದು ಗೆಡ್ಡೆ ಹಾಕಿ ನೋಡಿ.

ಹಿಟ್ಟಿನ ತಳಿಗಳಲ್ಲಿ ರಸೆಟ್ ಬರ್‌ಬ್ಯಾಂಕ್, ಕಿಂಗ್ ಎಡ್ವರ್ಡ್, ಕುಫ್ರಿ ಚಿಪ್ಸೋನಾ ಒಳ್ಳೆಯವು. ರಸೆಟ್ ಕರಿಯಲು ಬಲು ಸೊಗಸು, ಆದರೆ ಬಲಿಯಲು 120 ದಿನ ದಾಟುತ್ತದೆ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಗೆಡ್ಡೆ ಗಂಟುಗಂಟಾಗುತ್ತದೆ. ಕುಂಡದಲ್ಲಿ ಅದನ್ನು ಬೆಳೆಯಲು ಹೋಗದಿರುವುದೇ ಲೇಸು. ಗಟ್ಟಿ ತಳಿಗಳ ಪೈಕಿ ಪಿಂಕ್ ಫರ್ ಆಪಲ್ ರುಚಿಗೆ ಹೆಸರಾದದ್ದು. ಅದೂ ತಡವಾಗಿ ಬಲಿಯುತ್ತದೆ, ಅಂಗಮಾರಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಹೊಸಬರಿಗೆ ಷಾರ್ಲಟ್ ಸಲೀಸು. ಒಂದೇ ತಳಿಗೆ ಜಾಗವಿದ್ದರೆ ನಡುವಿನದನ್ನು ಆರಿಸಿ: ಕೆಂಪು ಸಿಪ್ಪೆಯ ಡಿಸೈರಿ, ಇಲ್ಲವೇ 1980ರಲ್ಲಿ ಕೆನಡಾದಲ್ಲಿ ಬಿಡುಗಡೆಯಾದ ಹಳದಿ ತಿರುಳಿನ ಯೂಕಾನ್ ಗೋಲ್ಡ್. ಯೂಕಾನ್‌ನಲ್ಲಿ ಗೆಡ್ಡೆ ಕಡಿಮೆ, ಗಾತ್ರ ದೊಡ್ಡದು. ಹೆಚ್ಚು ಅಂತರ ಕೊಟ್ಟರೆ ಗೆಡ್ಡೆ ಬೇಗ ಉಬ್ಬಿ ಒಳಗೆ ಪೊಳ್ಳಾಗುತ್ತದೆ, ಆದ್ದರಿಂದ 20–25 ಸೆಂ.ಮೀ. ಸಾಕು.

ಸಿಪ್ಪೆಯ ಬಣ್ಣ ನೋಡಿ ರುಚಿ ಊಹಿಸಬೇಡಿ. ನೇರಳೆ ತಿರುಳಿನವನ್ನು ಬೆಳೆದರೆ ಹಬೆಯಲ್ಲಿ ಸಿಪ್ಪೆ ಸಮೇತ ಬೇಯಿಸಿ. ನೀರಿನಲ್ಲಿ ಕುದಿಸಿದರೆ ಬಣ್ಣ ನೀರಿಗೆ ಹೋಗುತ್ತದೆ.

ತಂಪಿನ ಕಾಲ ಚಿಕ್ಕದಾಗಿದ್ದರೆ 75–90 ದಿನದ ತಳಿಯೇ ಗತಿ. ಗೆಡ್ಡೆ ಕಟ್ಟಲು ಮಣ್ಣು 15–20 ಡಿಗ್ರಿ ಸೆಲ್ಸಿಯಸ್ ಇರಬೇಕು. ರಾತ್ರಿಯೂ ಸೆಕೆಯಿದ್ದರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಬುಡದಲ್ಲಿ ಮಾತ್ರ ಏನೂ ಇರುವುದಿಲ್ಲ. ಅಡುಗೆಗೆ ತಂದ ಆಲೂಗಡ್ಡೆಯನ್ನು ನೆಡಬೇಡಿ; ಅದರಲ್ಲಿ ವೈರಸ್ ಇರಬಹುದು, ಮೊಳಕೆ ತಡೆಯುವ ಔಷಧವೂ ಹಾಕಿರಬಹುದು. ಪ್ರಮಾಣೀಕೃತ ಬಿತ್ತನೆ ಗೆಡ್ಡೆ ತಂದು, 40–50 ಗ್ರಾಂ ತೂಕದ, ಎರಡು ಕಣ್ಣಿರುವ ಹೋಳು ಮಾಡಿ. ಕತ್ತರಿಸಿದ ಭಾಗ ಎರಡು ದಿನ ನೆರಳಲ್ಲಿ ಒಣಗಲಿ, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಆಳ 10 ಸೆಂ.ಮೀ., ಸಾಲಿನಲ್ಲಿ ಅಂತರ 30 ಸೆಂ.ಮೀ. ಸಾಮಾನ್ಯ ಅಳತೆ.

ಒಳ್ಳೆಯ ತಳಿಯೂ ಆರೈಕೆ ತಪ್ಪಿದರೆ ಸಪ್ಪೆಯಾಗುತ್ತದೆ. ಸಾರಜನಕ ಹೆಚ್ಚಾದರೆ ಸೊಪ್ಪು ಬೆಳೆದು ಪಿಷ್ಟ ತಗ್ಗುತ್ತದೆ. ಪೊಟ್ಯಾಶ್ ಗೊಬ್ಬರ ಕೊಡುವಾಗ ಮ್ಯೂರಿಯೇಟ್ (ಅಂದರೆ ಕ್ಲೋರೈಡ್) ಬದಲು ಸಲ್ಫೇಟ್ ರೂಪದ್ದನ್ನೇ ಹಾಕಿ. ಕ್ಲೋರೈಡ್ ಒಣ ಅಂಶವನ್ನು ಇಳಿಸುತ್ತದೆ. ಗಿಡ 20 ಸೆಂ.ಮೀ. ಆದಾಗ ಬುಡಕ್ಕೆ ಮಣ್ಣು ಏರಿಸಿ, ಇಲ್ಲದಿದ್ದರೆ ಬಿಸಿಲು ತಾಗಿ ಗೆಡ್ಡೆ ಹಸಿರಾಗಿ ಕಹಿಯಾಗುತ್ತದೆ. ಹಸಿರು ಭಾಗದಲ್ಲಿ ಸೊಲನೈನ್ ವಿಷ ಇರುವುದರಿಂದ ಅದನ್ನು ತಿನ್ನಬಾರದು. ಎಲೆ ಹಳದಿಯಾಗುತ್ತಿದ್ದಂತೆ ನೀರು ನಿಲ್ಲಿಸಿ. ಗಿಡ ಒಣಗಿದ ಎರಡು ವಾರಕ್ಕೆ ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ. ಸಿಪ್ಪೆ ಸುಲಿಯದಿದ್ದರೆ ಎಲ್ಲವನ್ನೂ ಕೀಳಬಹುದು. ಎಳೆಯದರಲ್ಲೇ ಕಿತ್ತರೆ ಹಿಟ್ಟಿನ ತಳಿಯೂ ಗಟ್ಟಿಯಾಗಿಯೇ ಬೇಯುತ್ತದೆ.

ಕಿತ್ತದ್ದನ್ನು ಹತ್ತು ದಿನ ಗಾಳಿಯಾಡುವ ಕತ್ತಲಲ್ಲಿ ಹರಡಿಡಿ. ಕರಿಯಲು ಬೆಳೆದದ್ದನ್ನು ಫ್ರಿಜ್‌ನಲ್ಲಿ ಇಡಬಾರದು. 6 ಡಿಗ್ರಿಗಿಂತ ತಂಪಾದರೆ ಪಿಷ್ಟ ಸಕ್ಕರೆಯಾಗಿ, ಎಣ್ಣೆಗೆ ಬಿದ್ದ ಕೂಡಲೇ ಕಂದುಗಟ್ಟಿ ಕಹಿಯಾಗುತ್ತದೆ. ಈಗಾಗಲೇ ಇಟ್ಟಿದ್ದರೆ ಎರಡು ವಾರ 15–18 ಡಿಗ್ರಿಯಲ್ಲಿಟ್ಟು, ಒಂದೆರಡು ಹೋಳು ಕರಿದು ನೋಡಿ ಮುಂದುವರಿಯಿರಿ.