ಹಸಿರು ಬಾಗಿಲಿನ ಮನೆ

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ನಾನು ಮಂಗಳೂರು ಹಂಪನಕಟ್ಟೆಯ ನಮ್ಮ ಪತ್ರಿಕೆಯ ಆಫೀಸಿನಲ್ಲಿ ವಿಧಾನಸಭಾ ಚುನಾವಣೆಯ ಕಾಪಿ ತಿದ್ದುತ್ತಿದ್ದೆ. ಸುಡಾನ್ ಎಲ್ಲಿ, ನಾವೆಲ್ಲಿ ಅಂದುಕೊಂಡಿದ್ದೆ. ಅಷ್ಟರಲ್ಲಿ, ಗಿಡಮೂಲಿಕೆ ಔಷಧಿ ಮಾರಲು ಹೋದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಸುದ್ದಿ ಬಂತು. ಅದೇ ವಾರ ಬಂಟ್ವಾಳ ಕಡೆಯ ತಾಯಿಯೊಬ್ಬರು ಆಫೀಸಿಗೆ ಬಂದರು. ಮಗ ಸುಡಾನ್ ರಾಜಧಾನಿ ಖಾರ್ಟೂಮ್‌ನಲ್ಲಿದ್ದ.

ಅಲ್ಲಿನ ಪತ್ರಿಕೆಗಳನ್ನು ನೋಡಿ ಬರೆಯೋಣ ಅಂದರೆ ಖಾರ್ಟೂಮ್‌ನಲ್ಲಿ ಅಚ್ಚೇ ನಿಂತಿತ್ತು. ಪಕ್ಕದ ಓಮ್ಡುರ್ಮಾನ್‌ನ ಸರ್ಕಾರಿ ರೇಡಿಯೋ, ಟಿವಿ ಕೇಂದ್ರ ಆರ್‌ಎಸ್‌ಎಫ್ ಕೈಯಲ್ಲಿತ್ತು. ಸೇನೆ ಅದನ್ನು ವಾಪಸ್ ಪಡೆದದ್ದು 2024ರ ಮಾರ್ಚ್‌ನಲ್ಲಿ. ಉಳಿದದ್ದು ವಾಟ್ಸ್ಆ್ಯಪ್ ವಿಡಿಯೋ. ಅವು ಎಲ್ಲಿಯವು ಅಂತ ತಿಳಿಯಲು ನಾನು ಮೊದಲು ಹುಡುಕುತ್ತಿದ್ದದ್ದು ಸೇತುವೆ. ನೇತ್ರಾವತಿ, ಫಲ್ಗುಣಿ ನಮ್ಮ ಅಳಿವೆಯಲ್ಲಿ ಸೇರುವ ಹಾಗೆ ಅಲ್ಲಿ ನೀಲಿ ನೈಲ್, ಬಿಳಿ ನೈಲ್ ಊರೊಳಗೇ ಕೂಡುತ್ತವೆ. ಉಳ್ಳಾಲದವರಿಗೆ ತಮ್ಮ ಸಂಕ (ಸೇತುವೆ) ಯಾವುದು ಅಂತ ಹೇಳಿಕೊಡಬೇಕಾ? ಹಾಗೆ ಸೇತುವೆ ಸಿಕ್ಕಿದರೆ ಉಪಗ್ರಹ ಚಿತ್ರದ ಜೊತೆ ಇಟ್ಟು ನೋಡುವುದು, ಆಮೇಲೆ ನೆರಳು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಸಂಜೆಯ ದಾಳಿ ಅಂತ ಬಂದ ವಿಡಿಯೋದಲ್ಲಿ ನೆರಳು ಕಾಲಡಿಯಲ್ಲೇ ಬಿದ್ದಿದ್ದರೆ ಅದು ಸಂಜೆಯದ್ದಲ್ಲ.

ಆದರೆ ನಾನು ಎಡವಿದ್ದು ವಿಡಿಯೋದಲ್ಲಲ್ಲ. ಮಗನ ಕಥೆ ಚೆನ್ನಾಗಿ ಬರಲಿ ಅಂತ ಮೊಬೈಲ್ ಅಂಗಡಿ ಪಕ್ಕದ ಮಹಡಿ ಮನೆ, ಹಸಿರು ಬಾಗಿಲು, ಒಳಗೆ ನಾಲ್ಕು ಜನ, ಒಂದು ಡ್ರಮ್ ನೀರು ಅಂತೆಲ್ಲ ಬರೆದೆ. ನನಗೇ ಖುಷಿಯಾಗಿತ್ತು. ಪುಟ ಬಿಡುವ ಮೊದಲು ಅವನಿಗೆ ಕಳಿಸಿದೆ. ಒಂದೇ ಟಿಕ್. ಡೆಸ್ಕಿನವರು ಪುಟ ಕೇಳುತ್ತಿದ್ದರು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ವಾಯ್ಸ್ ಮೆಸೇಜ್ ಬಂತು, ಪಿಸುಮಾತಿನಲ್ಲಿ: "ಸರ್, ಆ ಬಾಗಿಲು ತೆಗೀರಿ. ಈ ಬೀದಿಯಲ್ಲಿ ಹಸಿರು ಬಾಗಿಲು ಇರೋದು ಒಂದೇ."

ಬಾಗಿಲು ತೆಗೆದೆ, ಅಂಗಡಿ ತೆಗೆದೆ, ನಾಲ್ಕು ಜನರನ್ನು "ಕೆಲವರು" ಮಾಡಿದೆ. ಸುದ್ದಿ ಸಪ್ಪೆಯಾಯಿತು, ನಿಜ. ಪತ್ರಕರ್ತರನ್ನೇ ಎರಡೂ ಕಡೆಯವರು ಎದುರಾಳಿಯ ಗೂಢಚಾರ ಅಂತ ಹಿಡಿಯುವ ಜಾಗದಲ್ಲಿ, ಅವರ ಜೊತೆ ಮಾತಾಡಿದವನನ್ನು ಬಿಡುತ್ತಾರಾ?

ಅಲ್ಲಿದ್ದ ಭಾರತೀಯರನ್ನು ಕರೆತರಲು ನಮ್ಮ ಸರ್ಕಾರ ನಡೆಸಿದ ಆಪರೇಷನ್ ಕಾವೇರಿಯಲ್ಲಿ ಅವನು ಪೋರ್ಟ್ ಸುಡಾನ್‌ನಿಂದ ಹಡಗು ಹತ್ತಿ, ಸೌದಿಯ ಜೆಡ್ಡಾ ಮೂಲಕ ಮನೆ ಸೇರಿದ. ಮುಂದೆ ಒಂದು ದಿನ ಆಫೀಸಿಗೆ ಬಂದಾಗ ಆ ಮನೆಯ ಬಗ್ಗೆ ಈಗ ಬರೆಯಲಾ ಅಂತ ಕೇಳಿದೆ. ಬರೆಯಿರಿ ಸರ್, ಆದರೆ ಬಣ್ಣ ಬದಲಿಸಿ, ಪಕ್ಕದ ಮನೆಯವರು ಇನ್ನೂ ಅಲ್ಲೇ ಇದ್ದಾರೆ ಅಂದ. ಬದಲಿಸಿದ್ದೇನೆ.