ಜರ್ಮನಿಗೆ ಹೋಗೋಕೆ ಮೊದಲು ತಾತನ ಮನೆ ಪತ್ರ ಹುಡುಕಿದ್ದು

ಎಂಬೆಡೆಡ್ ಸಿಸ್ಟಮ್ಸ್‌ನಲ್ಲಿ, ಅಂದರೆ ಯಂತ್ರಗಳ ಒಳಗೆ ಕೂತು ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್‌ಗಳ ವಿಷಯದಲ್ಲಿ, ಎಂ.ಎಸ್ಸಿ ಮಾಡಲು ನಾನು ಜರ್ಮನಿಯ ಕೆಮ್ನಿಟ್ಸ್‌ಗೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಊರ ಕಡೆ ಹುಡುಗರು ಫೋನ್ ಮಾಡಿದರೆ ಮೊದಲು ಕೇಳೋದು, "ಅಣ್ಣ, ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬರ್ಬೇಕು?" ನಾನು ತಿರುಗಿ ಕೇಳೋದು, "ಮನೆ ಯಾರ ಹೆಸರಲ್ಲಿದೆ?" ತಮಾಷೆ ಅಂದ್ಕೊಳ್ಳುತ್ತಾರೆ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ನಾನು ಓದಿದ್ದು ಮೂರು ವಾರ. ಬ್ಯಾಂಕ್ ಸಾಲಕ್ಕೆ ಅಡ ಇಡಬೇಕಾದ ಮನೆ ಪತ್ರಕ್ಕೆ ಓಡಾಡಿದ್ದು ಐದು ತಿಂಗಳು.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ ಮೇಲೆ ಹೊರಗೆ ಓದುವ ಆಸೆ ಹತ್ತಿತು. ಅಮೆರಿಕದ ಫೀಸು ನೋಡಿ ಆ ಪುಟ ಅಲ್ಲೇ ಮುಚ್ಚಿದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಟ್ಯೂಷನ್ ಫೀಸ್ ಇಲ್ಲ, ಆರು ತಿಂಗಳಿಗೊಮ್ಮೆ ಕಟ್ಟುವ ಸೆಮಿಸ್ಟರ್ ಫೀ ಮಾತ್ರ. ಎಲ್ಲ ಕಡೆ ಹೀಗೇ ಅಂತಲ್ಲ. ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಹಾಗಾಗಿ ಆ ರಾಜ್ಯದ ಕಾಲೇಜುಗಳನ್ನು ಪಟ್ಟಿಯಿಂದಲೇ ತೆಗೆದೆ.

ಮೊದಲು ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಅಲ್ಲಿದ್ದವರು ಲಕ್ಷಗಟ್ಟಲೆ ಫೀಸಿನ ಖಾಸಗಿ ಕಾಲೇಜುಗಳ ಹೆಸರನ್ನೇ ಮತ್ತೆ ಮತ್ತೆ ಹೇಳಿದರು. ಹತ್ತಕ್ಕೆ 8.1 ಇದ್ದ ನನ್ನ ಸಿಜಿಪಿಎಗೆ (ಸರಾಸರಿ ಗ್ರೇಡ್) ಸರ್ಕಾರಿ ಸೀಟು ಕಷ್ಟ ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನೇ ಲೆಕ್ಕ ಹಾಕಿದೆ. ಜರ್ಮನಿಯಲ್ಲಿ ಅಂಕ ತಲೆಕೆಳಗು: 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಗರಿಷ್ಠ ಅಂಕದಲ್ಲಿ ನಮ್ಮ ಅಂಕ ಕಳೆಯಬೇಕು. ಬಂದದ್ದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಪಾಸ್ ಅಂಕ 4 ಅಂತ ಹಿಡಿದರೆ ನನಗೆ ಬಂದದ್ದು 1.95. 5 ಅಂತ ಹಿಡಿದರೆ 2.14. ಅದೇ ಹುಡುಗ, ಅದೇ ಮಾರ್ಕ್ಸ್ ಕಾರ್ಡು! ಆದ್ದರಿಂದ ನಿಮ್ಮ ಕೋರ್ಸಿನ ಪಾಸ್ ಗ್ರೇಡ್ ಎಷ್ಟು ಅನ್ನೋದನ್ನು ಕಾಲೇಜಿನ ಲೆಟರ್‌ಹೆಡ್ ಮೇಲೆ ಬರೆಸಿಟ್ಟುಕೊಳ್ಳಿ. ನಾನು ನೋಡಿದ ಕೋರ್ಸುಗಳಲ್ಲಿ ಸುಮಾರು ಕಡೆ 2.5ರ ಒಳಗೆ ಇದ್ದರೆ ಸಾಕು ಅಂತಿತ್ತು. ಅಮ್ಮನಿಗೆ "ಎರಡರ ಹತ್ತಿರ ಬಂದಿದೆ" ಅಂದೆ. ಅವರು ಸುಮ್ಮನಾಗಿ, ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು, ಇನ್ನೊಂದ್ಸಲ ಕಟ್ಟು" ಅಂದರು.

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯವಾಗಿತ್ತು. ನಮ್ಮ ಮಾರ್ಕ್ಸ್ ಕಾರ್ಡು ಅಸಲಿ ಅಂತ ದೆಹಲಿಯಲ್ಲಿ ಪರೀಕ್ಷಿಸಿ ಕೊಡುವ ಪತ್ರ ಅದು. 18,000 ರೂಪಾಯಿ ಕಟ್ಟಿ, ಡಿಸೆಂಬರ್‌ನಲ್ಲಿ ಪ್ರತಿಗಳನ್ನು ಕಳಿಸಿದೆ. ಅದು ಬರುವವರೆಗೆ ಎಸ್‌ಒಪಿ, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿ ಜೊತೆ ಕೊಡುವ ಪತ್ರ, ಬರೆಯಲು ಕೂತೆ.

ಮೊದಲ ಕರಡು "ಚಿಕ್ಕಂದಿನಿಂದಲೂ ನನಗೆ ತಂತ್ರಜ್ಞಾನದ ಬಗ್ಗೆ ಅಪಾರ ಆಸಕ್ತಿ" ಅಂತ ಶುರುವಾಗಿತ್ತು. ಸುಳ್ಳು. ಚಿಕ್ಕಂದಿನಲ್ಲಿ ನನಗೆ ಆಸಕ್ತಿ ಇದ್ದದ್ದು ಕ್ರಿಕೆಟ್‌ನಲ್ಲಿ. ಎರಡು ವಾರ ತಿದ್ದಿದರೂ ಅದು ಯಾರ ಕಥೆಯೋ ಆಗಿಯೇ ಉಳಿಯಿತು. ಕೊನೆಗೆ ಅದನ್ನು ಬಿಸಾಕಿ, ನಮ್ಮ ತೋಟದ ಮೋಟರ್ ಬಗ್ಗೆ ಬರೆದೆ. ತ್ರೀ ಫೇಸ್ ಕರೆಂಟು ಬರೋದು ರಾತ್ರಿ. ಅಪ್ಪ ಟಾರ್ಚ್ ಹಿಡಿದು ಹೋಗಿ ಸ್ಟಾರ್ಟರ್ ಹಾಕಬೇಕು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ಮೂವರು ಸೇರಿ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗುವ ಬೋರ್ಡ್ ಮಾಡಿದ್ದೆವು. ಅಂಥದ್ದು ಅಂಗಡಿಯಲ್ಲೇ ಸಿಗುತ್ತಿತ್ತು, ಹೊಸದೇನಲ್ಲ. ಬೋರ್‌ನಲ್ಲಿ ನೀರು ಇಳಿದರೆ ತಾನೇ ಆಫ್ ಆಗಬೇಕು ಅನ್ನೋದು ನಮ್ಮ ಹಟ. ಮೊದಲ ರಾತ್ರಿಯೇ ರಿಲೇ, ಅಂದರೆ ಬೋರ್ಡಿನ ಮೇಲಿನ ವಿದ್ಯುತ್ ಸ್ವಿಚ್, ಸುಟ್ಟು ವಾಸನೆ ಬಂತು. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ತಪ್ಪು, ಅದನ್ನು ಸರಿ ಮಾಡಿದ ರೀತಿ, ಅದರಿಂದ ನನಗೆ ಯಾವ ವಿಷಯ ಓದಬೇಕು ಅನ್ನಿಸಿತು, ಇಷ್ಟನ್ನೇ ಬರೆದೆ. ಒಂದೂಕಾಲು ಪುಟ.

ಅರ್ಜಿಗಳನ್ನು ಯುನಿ ಅಸಿಸ್ಟ್ ಮೂಲಕ ಹಾಕಿದೆ. ಹೊರದೇಶದವರ ಅರ್ಜಿಗಳನ್ನು ವಿಶ್ವವಿದ್ಯಾಲಯಗಳ ಪರವಾಗಿ ಪರಿಶೀಲಿಸುವ ಸಂಸ್ಥೆ ಅದು. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಐದು ಕಡೆಗೆ 195 ಯೂರೋ ಆಯಿತು. ಎರಡು ಕಡೆ ಸಿಕ್ಕಿತು, ಮೂರು ಕಡೆ ಇಲ್ಲ.

ಇನ್ನು ದುಡ್ಡಿನ ವಿಷಯ. ಫೀಸ್ ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ವೀಸಾ ಬೇಕಾದರೆ ಒಂದು ವರ್ಷದ ಜೀವನದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. ಆಗ ಅದು 11,208 ಯೂರೋ. 2024ರ ಸೆಪ್ಟೆಂಬರ್‌ನಿಂದ 11,904 ಆಯಿತು. ದುಡ್ಡು ನಮ್ಮದೇ, ಆದರೆ ನನಗೆ ತಿಂಗಳಿಗೆ ಕೈಗೆ ಸಿಕ್ಕಿದ್ದು 934 ಯೂರೋ ಮಾತ್ರ. ರೂಪಾಯಿಯಲ್ಲಿ ಆಗ ಹತ್ತು ಲಕ್ಷದ ಮೇಲೆ. ವಿಮಾನ, ಇತರ ಖರ್ಚು ಸೇರಿ ಹನ್ನೆರಡು ಲಕ್ಷ ಸಾಲ ಬೇಕು ಅಂತಾಯಿತು.

ಅಪ್ಪ ಎರಡೆಕರೆ ತೆಂಗಿನ ತೋಟದ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಬಂದರು. ಮ್ಯಾನೇಜರ್ ನೋಡಿ, "ಗೌಡ್ರೇ, ಕೃಷಿ ಜಮೀನು ಇದಕ್ಕೆ ನಡೆಯಲ್ಲ. ಮನೆದು ತನ್ನಿ" ಅಂದರು. ಅಪ್ಪನ ಮುಖ ಸಪ್ಪಗಾಯಿತು. ಅವರ ಲೆಕ್ಕದಲ್ಲಿ ಆಸ್ತಿ ಅಂದರೆ ತೋಟ. ಮನೆ ಅಂದರೆ ಮನೆ, ಅಷ್ಟೇ.

ಮನೆ ಇನ್ನೂ ತಾತನ ಹೆಸರಲ್ಲೇ ಇತ್ತು. ತಾತ ತೀರಿಕೊಂಡು ಹದಿನಾಲ್ಕು ವರ್ಷ. ನಾಡಕಚೇರಿಯಲ್ಲಿ ವಂಶವೃಕ್ಷ, ಪಂಚಾಯ್ತಿಯಲ್ಲಿ ಖಾತೆ ಬದಲಾವಣೆ, ಸರ್ವೆಯವರ ನಕ್ಷೆ, ಆಮೇಲೆ ಇ-ಸ್ವತ್ತಿನ ನಮೂನೆ 9 ಮತ್ತು 11, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಋಣಭಾರ ಪತ್ರ). ಎಲ್ಲಕ್ಕಿಂತ ಮುಖ್ಯವಾಗಿ ಇಬ್ಬರು ಅತ್ತೆಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಕೇಳೋದು ಹೇಗೆ ಅಂತ ಅಪ್ಪ ಒಂದು ತಿಂಗಳು ತಳ್ಳಿದರು. ಕಡೆಗೆ ನಾನೇ ಹೋಗಿ ಕೇಳಿದೆ. ದೊಡ್ಡತ್ತೆ ತಕ್ಷಣ ಒಪ್ಪಿದರು. ಚಿಕ್ಕತ್ತೆ ಕಾಫಿ ಕೊಟ್ಟು, "ನಾಳೆ ನಾನು ತವರಿಗೆ ಬಂದ್ರೆ ಉಳ್ಕೊಳ್ಳೋಕೆ ಜಾಗ ಇರುತ್ತೇನೋ?" ಅಂದರು. ಅದಕ್ಕೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. "ಇರುತ್ತೆ ಅತ್ತೆ" ಅಂದೆ.

ಜೂನ್‌ನಲ್ಲಿ ನೋಂದಣಿಗೆ ಹೋದೆವು. ಹೆಬ್ಬೆಟ್ಟು ಒತ್ತುವ ಯಂತ್ರ ಚಿಕ್ಕತ್ತೆಯ ಬೆರಳನ್ನು ಹಿಡಿಯಲೇ ಇಲ್ಲ. ತೆಂಗಿನ ಗರಿ ಸೀಳಿ, ಪೊರಕೆ ಕಡ್ಡಿ ತೆಗೆದು ತೆಗೆದು ಬೆರಳ ಗೆರೆ ಸವೆದು ಹೋಗಿತ್ತು. ಸೆರಗಿನಲ್ಲಿ ಒರೆಸಿ, ಮತ್ತೆ ಒತ್ತಿ, ನಾಲ್ಕನೇ ಸಲಕ್ಕೆ ಹಸಿರು ದೀಪ ಬಂತು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು.

ಸಾಲ ಆಗಸ್ಟ್‌ನಲ್ಲಿ ಮಂಜೂರಾಯಿತು. ಒಂದು ಲಾಭವೂ ಆಯಿತು. ಆಗ ಸ್ವಂತ ದುಡ್ಡು ಹೊರದೇಶಕ್ಕೆ ಕಳಿಸಿದ್ದರೆ ಏಳು ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕಿನವರು ಶೇ. 5 ಟಿಸಿಎಸ್ ಅನ್ನೋ ತೆರಿಗೆ ಹಿಡಿಯುತ್ತಿದ್ದರು. ಸಾಲದ ದುಡ್ಡಾದ್ದರಿಂದ ಶೇ. 0.5 ಮಾತ್ರ. ವೀಸಾಕ್ಕೆ ಬೆಂಗಳೂರಿನಲ್ಲೇ ಕಾಗದ ಕೊಟ್ಟೆ. ಅದು ಸಲೀಸಾಗಿ ಮುಗಿಯಿತು.

ಬಂದ ಮೇಲೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಆ ಶಬ್ದ ಬಾಯಿಪಾಠ ಆಗೋಕೇ ಒಂದು ದಿನ ಹಿಡಿಯಿತು. ಇಲ್ಲಿ ಕಟ್ಟಡಕ್ಕೆ ನಂಬರ್ ಇರುತ್ತದೆ, ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ಇರಲ್ಲ. ಅಂಚೆ ಡಬ್ಬದ ಮೇಲೆ ಹೆಸರು ಅಂಟಿಸದಿದ್ದರೆ ಪತ್ರ ಬರಲ್ಲ. ನಮಗೆಲ್ಲ ಸರ್‌ನೇಮ್ ಎಲ್ಲಿದೆ? ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದಿದ್ದಕ್ಕೆ ಊರಿನ ಹೆಸರನ್ನು ಆ ಜಾಗಕ್ಕೆ ಹಾಕಿದ್ದೆ. ಹಾಗಾಗಿ ಇಲ್ಲಿ ಬ್ಯಾಂಕಿನಿಂದ, ವಿಮೆಯವರಿಂದ, ಎಲ್ಲರಿಂದಲೂ ನನಗೆ ಬರುವ ಪತ್ರದ ಮೇಲಿನ ಹೆಸರು "ಶ್ರೀಮಾನ್" ಅಂತ ಶುರುವಾಗಿ ನಮ್ಮ ಹಳ್ಳಿಯ ಹೆಸರಿನಲ್ಲಿ ಮುಗಿಯುತ್ತದೆ. ಡಬ್ಬದ ಮೇಲೂ ಅದನ್ನೇ ಅಂಟಿಸಿ ಫೋಟೋ ತೆಗೆದು ಕಳಿಸಿದೆ. ಚಿಕ್ಕತ್ತೆ ವಾಯ್ಸ್ ಮೆಸೇಜ್ ಹಾಕಿದರು: "ಅಲ್ಲಿಗೂ ನಮ್ಮೂರು ಹೊತ್ಕೊಂಡ್ ಹೋಗಿದೀಯಲ್ಲೋ!"